ಹಸಿರು ಗುರುತು ಬೀಳದ ಸೋದರಮಾವ

ನನ್ನ ಬುದ್ಧಿ ಎಷ್ಟರದ್ದು ಎಂದು ತಿಳಿಯಲು ನನಗೆ ನಲವತ್ತಾರು ವರ್ಷ ಹಿಡಿಯಿತು. ನನ್ನ ಹೆಂಡತಿ ವನಜಾಕ್ಷಿಗೆ ಮದುವೆಯಾದ ವಾರದಲ್ಲೇ ತಿಳಿದಿತ್ತಂತೆ, ಹೇಳಿರಲಿಲ್ಲ ಅಷ್ಟೆ.

ನಂಜನಗೂಡಿನ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿ. ನನ್ನದೇ ಹೆಸರು, ನಂಜುಂಡೇಶ್ ಪ್ರಿಂಟರ್ಸ್. ಈಗ ಅಲ್ಲಿ ಪ್ರಿಂಟಾಗುವುದು ಏನೂ ಇಲ್ಲ. ಎಲ್ಲರ ಕೈಗೂ ಮೊಬೈಲು ಬಂದು ಮದುವೆ ಕಾರ್ಡು ಅಚ್ಚು ಹಾಕಿಸುವವರು ಕಡಿಮೆಯಾದ ಮೇಲೆ, ನಾನು ಮೈಸೂರಿನಲ್ಲಿ ಮೂರು ತಿಂಗಳು ಕ್ಲಾಸಿಗೆ ಹೋಗಿ, ನನ್ನ ಅರ್ಧ ವಯಸ್ಸಿನವರ ಪಕ್ಕ ಕೂತು, ವೆಬ್ ಪುಟ ಮಾಡುವುದನ್ನು ಕಲಿತು ಬಂದೆ. ಈಗ ಕಾರ್ಡನ್ನೇ ಲಿಂಕ್ ಮಾಡಿ ಕೊಡುತ್ತೇನೆ. ಒಬ್ಬೊಬ್ಬ ನೆಂಟರಿಗೂ ಬೇರೆ ಬೇರೆ ಲಿಂಕ್. ಒತ್ತಿದರೆ ಗಣಪತಿ, ಹುಡುಗ ಹುಡುಗಿಯ ಫೋಟೋ, ಮುಹೂರ್ತ, ಛತ್ರಕ್ಕೆ ದಾರಿ ಎಲ್ಲ ತೆರೆದುಕೊಳ್ಳುತ್ತದೆ. ಇಷ್ಟನ್ನು ತಾಲ್ಲೂಕಿನಲ್ಲಿ ಇನ್ನೂ ಹತ್ತು ಜನ ಮಾಡುತ್ತಾರೆ. ನನ್ನ ಹೆಚ್ಚುಗಾರಿಕೆ ಏನಿದ್ದರೂ ಚುಕ್ಕಿಯದ್ದು.

ಪ್ರತಿ ಪುಟದ ಕೊನೆಯಲ್ಲಿ ನಾನೊಂದು ಚಿತ್ರ ಇಡುತ್ತೇನೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರ, ಅಂದರೆ ಪರದೆಯ ಮೇಲೆ ಒಂದೇ ಚುಕ್ಕಿ, ಬಣ್ಣವೇ ಇಲ್ಲ. ಇಡೀ ಚಿತ್ರ ನಲವತ್ಮೂರು ಬೈಟು. ಫೋನಿನಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಎರಡು ಸಲ ಬರೆದರೆ ಅದಕ್ಕಿಂತ ಹೆಚ್ಚು ಜಾಗ ಬೇಕು. ನೆಂಟರು ಲಿಂಕ್ ಒತ್ತಿದ ಕೂಡಲೇ ಅವರ ಫೋನು ನನ್ನ ಸರ್ವರನ್ನು ಆ ಚಿತ್ರ ಕೊಡು ಎಂದು ಕೇಳುತ್ತದೆ. ಸರ್ವರು ಕೊಡುತ್ತದೆ, ಕೊಡುವಾಗ ಇಂಥವರು ಇಷ್ಟು ಗಂಟೆಗೆ ಕೇಳಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಚಿತ್ರ ಯಾರಿಗೂ ಬೇಕಾಗಿಲ್ಲ, ಕೇಳಿದ್ದೇ ಮುಖ್ಯ. ಮರುಕ್ಷಣ ಮದುವೆ ಮನೆಯವರ ಫೋನಿನ ಪಟ್ಟಿಯಲ್ಲಿ ಆ ನೆಂಟರ ಹೆಸರಿನ ಮುಂದೆ ಹಸಿರು ಗುರುತು ಬೀಳುತ್ತದೆ. ನೋಡಿದ್ದಾರೆ ಎಂದು ಅರ್ಥ.

ಇದನ್ನೆಲ್ಲ ವನಜಾಕ್ಷಿಗೆ ಬಿಡಿಸಿ ಹೇಳಿದಾಗ ಅವಳು, ಅಂದರೆ ಏನೂ ಇಲ್ಲದ್ದನ್ನು ಜನಕ್ಕೆ ಕೊಟ್ಟು ಅವರನ್ನೇ ಕದ್ದು ನೋಡುತ್ತೀರಿ ಎಂದಳು. ನನಗೆ ಸಿಟ್ಟು ಬಂತು. ಆದರೆ ಅದಕ್ಕಿಂತ ಚೆನ್ನಾಗಿ ಅದನ್ನು ವಿವರಿಸಲು ನನಗೆ ಇವತ್ತಿಗೂ ಬರುವುದಿಲ್ಲ.

ನಮ್ಮ ಕಡೆ ಮದುವೆ ಮುಗಿದ ಮೇಲೆ ವರ್ಷಗಟ್ಟಲೆ ನಡೆಯುವ ವ್ಯಾಜ್ಯ ಒಂದೇ, ನಮ್ಮನ್ನು ಕರೆಯಲೇ ಇಲ್ಲ ಎನ್ನುವುದು. ನನ್ನ ಚುಕ್ಕಿ ಆ ವ್ಯಾಜ್ಯಕ್ಕೆ ಮದ್ದು ಎಂದು ನಾನು ನಂಬಿದ್ದೆ. ತಾಂಡವಪುರದ ಒಬ್ಬರು ಛತ್ರದ ಬಾಗಿಲಲ್ಲೇ, ಕಾರ್ಡೇ ಬಂದಿಲ್ಲ, ಯಾರೋ ಹೇಳಿದ್ದಕ್ಕೆ ಬಂದೆವು ಎಂದು ಮುಖ ಊದಿಸಿದಾಗ, ಹೆಣ್ಣಿನ ತಂದೆ ಫೋನು ತೆಗೆದು, ಹನ್ನೊಂದು ಸಲ ನೋಡಿದ್ದೀರಲ್ಲ ಎಂದು ತೋರಿಸಿಬಿಟ್ಟರು. ಆ ಮನುಷ್ಯ ಊಟಕ್ಕೂ ಕೂರದೆ ಹೋದರು. ನಾನು ಆ ಕಥೆಯನ್ನು ನನ್ನ ಜಾಹೀರಾತಿನ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನನ್ನ ಅಕ್ಕ ಸಾಕಮ್ಮ ಟಿ. ನರಸೀಪುರದಲ್ಲಿದ್ದಾಳೆ. ಭಾವ ದೇವರಾಜು ಹಾಲಿನ ಡೈರಿಯ ಕಾರ್ಯದರ್ಶಿ. ಅವರ ಒಬ್ಬಳೇ ಮಗಳು ಗಾನವಿಗೆ ಹೋದ ವರ್ಷ ಮದುವೆ ಗೊತ್ತಾಯಿತು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ನರಸೀಪುರಕ್ಕೆ ಹೋಗಿ, ಅಕ್ಕನ ಜಗಲಿಯ ಮೇಲೆ ಕೂತು ಭಾಷಣ ಮಾಡಿದೆ. ಈ ಕಾಲದಲ್ಲಿ ಕುಂಕುಮದ ಬಟ್ಟಲು ಹಿಡಿದು ಮನೆಮನೆ ಅಲೆಯುವುದು ಬೇಡ, ಫೋನೂ ಮಾಡಬೇಡ, ಎಲ್ಲ ಲಿಂಕಿನಲ್ಲೇ ಆಗುತ್ತದೆ ಎಂದೆ. ಅಕ್ಕನ ಫೋನಿನಲ್ಲಿ ಪಟ್ಟಿ ತೆರೆಯುವುದನ್ನು ನಾನೇ ಹೇಳಿಕೊಟ್ಟೆ. ಅವಳು ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಂಡು, ನೀನು ಹೇಳಿದ ಮೇಲೆ ಮುಗಿಯಿತು ಬಿಡು ಎಂದಳು. ಕಾರ್ಡನ್ನೂ ನಾನೇ ಮಾಡಿದೆ. ನೆಂಟರ ಹೆಸರುಗಳನ್ನು ಗಾನವಿ ತುಂಬಿಕೊಂಡಳು.

ಮದುವೆಗೆ ಇಪ್ಪತ್ತಾರು ದಿನ ಇದ್ದಾಗ ನನ್ನ ಫೋನಿಗೂ ಒಂದು ಲಿಂಕ್ ಬಂತು.

ನಾನು ಅದನ್ನೇ ನೋಡುತ್ತಾ ಕೂತೆ. ನಾನು ಸೋದರಮಾವ. ನಮ್ಮಲ್ಲಿ ಧಾರೆಗೆ ಹೆಣ್ಣನ್ನು ಕೈಹಿಡಿದು ಕರೆತರಬೇಕಾದವನು ಸೋದರಮಾವ. ದೇವರಿಗೆ ಮೊದಲ ಕಾರ್ಡು ಇಟ್ಟ ಮೇಲೆ ಮೊದಲ ಕುಂಕುಮ ಬರಬೇಕಾದ್ದು ಅವನ ಮನೆಗೆ. ಆ ನನಗೂ ಲಿಂಕೇ? ಮುನ್ನೂರು ಜನರ ಜೊತೆ ಮುನ್ನೂರೊಂದನೆಯವನೇ ನಾನು? ಅಲೆಯಬೇಡ ಎಂದು ಹೇಳಿದ್ದು ನಾನೇ, ನಿಜ. ಆದರೆ ಅದು ಊರವರಿಗೆ ಹೇಳಿದ ಮಾತು, ಒಡಹುಟ್ಟಿದವಳಿಗೆ ಅಷ್ಟು ತಿಳಿಯಬೇಡವೇ? ನನಗೆ ತುಂಬಾ ನೋವಾಯಿತು. ನೋವಾದಾಗ ನಾನು ಸಾಮಾನ್ಯವಾಗಿ ಮಾಡುವುದು ಇನ್ನೊಬ್ಬರಿಗೂ ನೋವಾಗುವ ಹಾಗೆ ನೋಡಿಕೊಳ್ಳುವುದು. ಲಿಂಕ್ ಒತ್ತಲಿಲ್ಲ.

ಒತ್ತುವ ಅಗತ್ಯವೂ ಇರಲಿಲ್ಲ. ಕಾರ್ಡು ಮಾಡಿದವನು ನಾನು, ಅದರಲ್ಲಿ ನಾನು ನೋಡದೆ ಇರುವುದು ಏನಿರುತ್ತದೆ? ಒತ್ತಿದರೆ ಅಕ್ಕನ ಪಟ್ಟಿಯಲ್ಲಿ ಹಸಿರು ಬೀಳುತ್ತದೆ, ನಂಜುಂಡನಿಗೆ ತಲುಪಿತು, ಆ ಕೆಲಸ ಮುಗಿಯಿತು ಎಂದು ಅವಳು ಕೈ ತೊಳೆದುಕೊಳ್ಳುತ್ತಾಳೆ. ಬೀಳದಿದ್ದರೆ? ಬಂದು ಕರೆಯಲೇಬೇಕಾಗುತ್ತದೆ. ಇದು ನನ್ನ ಲೆಕ್ಕಾಚಾರ. ಇಂಥ ಬುದ್ಧಿ ಇಟ್ಟುಕೊಂಡು ನಾನು ಅಂಗಡಿ ನಡೆಸುತ್ತೇನೆ.

ಎರಡು ದಿನ ಬಿಟ್ಟು ಅಕ್ಕ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಎತ್ತಲಿಲ್ಲ. ಆಮೇಲೆ ವನಜಾಕ್ಷಿಗೆ ಮಾಡಿ, ನಂಜುಂಡನಿಗೆ ಒಂದೇ ಒಂದು ಸಲ ಅದನ್ನು ತೆಗೆದು ನೋಡಲು ಹೇಳು ಎಂದಳಂತೆ. ನೋಡು, ಹಸಿರಿಗೆ ಎಷ್ಟು ಆತುರ ಎಂದೆ ನಾನು. ನಿಮ್ಮ ಅಕ್ಕ, ನಿಮ್ಮ ಚುಕ್ಕಿ, ನನ್ನನ್ನು ನಡುವೆ ಎಳೆಯಬೇಡಿ ಎಂದು ವನಜಾಕ್ಷಿ ಒಳಗೆ ಹೋದಳು.

ಇನ್ನೊಂದು ವಿಷಯ ಹೇಳಿಬಿಡಬೇಕು, ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ. ಗಿರಾಕಿಗಳು ಪಟ್ಟಿಯನ್ನು ಎಷ್ಟು ಸಲ ನೋಡುತ್ತಾರೆ ಎಂದು ತಿಳಿಯುವ ಚಪಲಕ್ಕೆ ನಾನು ಆ ಪಟ್ಟಿಯ ಪುಟಕ್ಕೂ ಅದೇ ಚುಕ್ಕಿ ಹಾಕಿದ್ದೆ. ಹಾಗಾಗಿ ಅಕ್ಕ ಪಟ್ಟಿ ತೆರೆದಾಗಲೆಲ್ಲ ನನಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ, ಹಾಲು ಕರೆದ ಮೇಲೆ ಇರಬೇಕು. ಒಂಬತ್ತಕ್ಕೆ. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಸಲ. ಸಂಜೆ ದೀಪ ಹಚ್ಚುವ ಹೊತ್ತಿಗೆ. ರಾತ್ರಿ ಮಲಗುವ ಮುಂಚೆ ಎರಡು ಸಲ. ಮುನ್ನೂರ ಹನ್ನೆರಡು ಹೆಸರಿಗೆ ಹಸಿರು ಬಿದ್ದಿತ್ತು, ಒಂದೇ ಹೆಸರು ಬೋಳಾಗಿತ್ತು. ಅವಳು ಎಷ್ಟು ಜನ ಬರುತ್ತಾರೆ ಎಂದು ಎಣಿಸಿ ಹಿಗ್ಗುತ್ತಿದ್ದಾಳೆ ಎಂದು ಮೊದಮೊದಲು ಅಂದುಕೊಂಡೆ. ಎಲ್ಲರದ್ದೂ ಹಸಿರಾದ ಮೇಲೂ ಅವಳು ತೆರೆಯುವುದು ನಿಲ್ಲಲಿಲ್ಲ. ಆಗ ಅವಳು ನೋಡುತ್ತಿರುವುದು ನನ್ನ ಹೆಸರನ್ನೇ ಎಂದು ತಿಳಿಯಿತು. ಕಾಯಲಿ ಎಂದುಕೊಂಡೆ. ನನಗೆ ಸಂತೋಷವೂ ಆಯಿತು.

ಹಾಗೆ ಹದಿನೇಳು ದಿನ ಹೋಯಿತು. ಮದುವೆಗೆ ಒಂಬತ್ತು ದಿನ ಇದ್ದಾಗ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಪುಟ್ಟರಾಜು ಅಂಗಡಿಗೆ ಬಂದ. ಇವನು ನನ್ನ ಚಿಕ್ಕಪ್ಪನ ಮಗ, ಸುತ್ತೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ, ಮಾತು ಕಡಿಮೆ. ನೀರು ಕುಡಿದು, ಚಪ್ಪಲಿಯನ್ನು ಎರಡು ಸಲ ಸರಿಮಾಡಿಕೊಂಡು ಕೂತ.

"ಅಣ್ಣ, ಮದ್ವೆಗೆ ನೀನು ಬರಾಕಿಲ್ವಂತೆ," ಎಂದ. "ಧಾರೆಗೆ ಗಾನವಿ ಕೈ ಇಡಿಯಕ್ಕೆ ನನ್ನ ಬಾ ಅಂತು ಅಕ್ಕ. ನಿನ್ನ ಒಂದ್ ಮಾತು ಕೇಳ್ದೆ ಒಪ್ಕಳಾದು ಸರಿ ಅಲ್ಲ ಅಂತ ಬಂದೆ."

ಬರುವುದಿಲ್ಲ ಎಂದು ನಾನು ಯಾರಿಗೆ ಹೇಳಿದೆ? ಕರೆಯುವುದಕ್ಕೇ ಬರಲಿಲ್ಲವಲ್ಲ ಅವಳು? ಇದನ್ನೇ ನಾನು ಸ್ವಲ್ಪ ಜೋರಾಗಿ ಕೇಳಿದೆ. ಪುಟ್ಟರಾಜು ನನ್ನ ಮುಖವನ್ನೇ ನೋಡಿದ.

"ಅಕ್ಕ ಇನ್ನೂ ಯಾರ್ ಮನೆಗೂ ಓಗಿಲ್ಲ ಕಣಣ್ಣ. ಒಂದ್ ಮನೆಗೂ ಕುಂಕುಮ ಇಟ್ಟಿಲ್ಲ. ನೆಂಟ್ರೆಲ್ಲ ಸಾಕಮ್ಮಂಗೆ ಕೊಬ್ಬು ಅಂತವ್ರೆ. ನಿಂಗೇ ಅಂತ ಆ ಲಿಂಕಲ್ಲಿ ಅದೇನೋ ಏಳ್ಯದಂತಲ್ಲ, ನೀನು ಅದ್ನೂ ಕೇಳ್ನಿಲ್ವಂತೆ."

ಆಗ ನೆನಪಾಯಿತು. ಎರಡು ವರ್ಷದ ಹಿಂದೆ, ಉತ್ಸಾಹದಲ್ಲಿ, ನಾನೊಂದು ಬಟನ್ ಸೇರಿಸಿದ್ದೆ. ಯಾರಾದರೂ ಒಬ್ಬ ನೆಂಟರಿಗೆ ಮಾತ್ರ ವಿಶೇಷವಾಗಿ ಏನಾದರೂ ಹೇಳಬೇಕಿದ್ದರೆ, ಧ್ವನಿ ರೆಕಾರ್ಡ್ ಮಾಡಿ ಅವರ ಲಿಂಕಿಗೆ ಅಂಟಿಸಬಹುದು. ಒಬ್ಬ ಗಿರಾಕಿಯೂ ಅದನ್ನು ಬಳಸಲಿಲ್ಲ. ತೆಗೆದುಹಾಕೋಣ ಎಂದುಕೊಂಡು ಸೋಮಾರಿತನಕ್ಕೆ ಹಾಗೇ ಬಿಟ್ಟಿದ್ದೆ, ಆಮೇಲೆ ಮರೆತೇ ಹೋಗಿತ್ತು. ಕಾರ್ಡಿನಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂದು ಹದಿನೇಳು ದಿನ ಮೀಸೆ ತಿರುವಿದವನು ನಾನು.

ಲಿಂಕ್ ಒತ್ತಿದೆ. ಗಣಪತಿ ಬಂದ. ಅದರ ಕೆಳಗೆ ಒಂದು ಬಟನ್. ಅದನ್ನೂ ಒತ್ತಿದೆ. ಅಕ್ಕನ ದನಿ, ಹಿಂದೆ ಯಾವುದೋ ಕರು ಕೂಗುವುದೂ ಕೇಳುತ್ತಿತ್ತು.

"ನಂಜುಂಡ, ನಾನು ಕಣೋ. ಕಾರ್ಡು ನೀನೇ ಮಾಡಿರಾದು, ನಿಂಗೇನು ಅದ್ರಲ್ಲಿ ಓದಾದದೆ. ಬರೋ ಶುಕ್ರವಾರ ನಾನೂ ನಿಮ್ ಭಾವನೂ ಕರಿಯಕ್ಕೆ ಬತ್ತೀವಿ. ಮೊದಲ್ನೇ ಕುಂಕುಮ ನಿಮ್ ಮನೆಗೇ. ಅದಾಗಗಂಟ ಇನ್ಯಾರ್ ಮನೆ ಒಸ್ಲೂ ತುಳಿಯಾಕಿಲ್ಲ. ನೀನು ಮೈಸೂರು ಅಂತ ತಿರುಗ್ತಿರ್ತೀಯ, ಬಾಗ್ಲಾಕಿರೋ ಮನೆ ಮುಂದೆ ಕುಂಕುಮ ಇಡ್ಕಂಡು ನಿಂತ್ರೆ ಒಳ್ಳೇದಲ್ಲ. ಇದ ನೀನು ತೆಗುದ್ರೆ ನಂಗೆ ಅಸ್ರು ಗುರ್ತು ಬತ್ತದಂತೆ, ಗಾನವಿ ಏಳುದ್ಲು. ಅದು ಬಂದ್ರೆ ನೀನು ಬಾ ಅಂದಂಗೆ. ಬಂದೇಟ್ಗೆ ಒರಡ್ತೀವಿ."

ಪುಟ್ಟರಾಜು ನೆಲ ನೋಡುತ್ತಿದ್ದ. ನಾನು ಏನು ನೋಡುತ್ತಿದ್ದೆನೋ ನೆನಪಿಲ್ಲ. ಅವಳು ಬರಲಿ, ಆಮೇಲೆ ಒತ್ತುತ್ತೇನೆ ಎಂದು ನಾನು. ಅವನು ಒತ್ತಲಿ, ಆಮೇಲೆ ಹೊರಡುತ್ತೇನೆ ಎಂದು ಅವಳು. ನಾನು ಫೋನು ಎತ್ತದಿದ್ದಾಗ ಅವಳಿಗೆ ಭಯವೂ ಆಗಿರಬೇಕು. ಕುಂಕುಮ ಹಿಡಿದು ಬಂದವಳಿಗೆ ತಮ್ಮನೇ ಬಾಗಿಲಲ್ಲಿ ಬೇಡ ಎಂದುಬಿಟ್ಟರೆ ಅದಕ್ಕೆ ಮುಂದೆ ಪರಿಹಾರವಿಲ್ಲ.

ಸ್ಕೂಟರಿನಲ್ಲಿ ಇಬ್ಬರೂ ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋದೆವು. ಅಕ್ಕ ಜಗಲಿಯಲ್ಲಿ ಕೂತು ಮೊರದಲ್ಲಿ ಉದ್ದಿನಬೇಳೆ ಕೇರುತ್ತಿದ್ದಳು. ಪಕ್ಕದಲ್ಲೇ ಫೋನು. ಊಟ ಆಯಿತಾ ಎಂದು ಕೇಳಿದಳು. ಆಮೇಲೆ, ಗುರುತು ಬಂತು, ಹನ್ನೊಂದೂವರೆಗೆ, ಎಂದಳು. ಯಾಕೆ ಇಷ್ಟು ದಿನ ತೆಗೆಯಲಿಲ್ಲ ಎಂದು ಕೇಳಿದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳಿಗೆ ನಗು ಬರುವುದರಲ್ಲಿತ್ತು, ತುಟಿ ಕಚ್ಚಿಕೊಂಡದ್ದು ನಾನು ನೋಡಿದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವಳನ್ನು ಸಮಾಧಾನ ಮಾಡಬೇಕು ಎಂದು ನನಗೆ ಅನ್ನಿಸಿತು, ನಾನು ಸಮಾಧಾನ ಮಾಡಲು ಹೊರಟರೆ ಆಗುವುದೇ ಹೀಗೆ.

"ನೀನೆಷ್ಟು ಕಾದಿದ್ದೀಯ ಅಂತ ನಂಗೆ ಗೊತ್ತಕ್ಕ," ಎಂದೆ. "ನೂರಾ ಹತ್ತೊಂಬತ್ತು ಸಲ ಪಟ್ಟಿ ತೆಗ್ದು ನೋಡಿದ್ದೀಯ."

ಅಕ್ಕನ ಕೈ ನಿಂತಿತು. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟಳು.

"ನಾನಿಲ್ಲಿ ಕಾಯ್ತಾ ಕೂತಿದ್ರೆ ನೀನಲ್ಲಿ ಕೂತ್ಕಂಡು ಎಣಿಸ್ತಿದ್ದಾ?"

ಪುಟ್ಟರಾಜು ಎದ್ದು ಹಸು ನೋಡಿಕೊಂಡು ಬರುತ್ತೇನೆ ಎಂದು ಹಿತ್ತಲಿಗೆ ಹೋದ. ಅಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು. ಐವತ್ತೆರಡು ವರ್ಷದ ನನ್ನ ಅಕ್ಕ, ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ದಿನಕ್ಕೆ ಏಳು ಸಲ ನನ್ನ ಹೆಸರು ಹುಡುಕಿ ನೋಡುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಿ ಸಂತೋಷಪಟ್ಟಿದ್ದೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಅವಳು ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇತ್ತು. ಇಲ್ಲೇ ಇಟ್ಟುಬಿಡು ಅಕ್ಕ, ನಾನೇ ಬಂದಿದ್ದೀನಲ್ಲ ಎಂದೆ.

"ಕರಿಯಾದು ಅಂದ್ರೆ ನಿನ್ ಒಸ್ಲಿಗೆ ಬಂದು ಕರಿಯಾದು. ನಡಿ," ಎಂದಳು.

ಹೀಗೆ, ಕರೆಸಿಕೊಳ್ಳಬೇಕಾದ ಸೋದರಮಾವನೇ ಕರೆಯುವವರ ಮನೆಗೆ ಹೋಗಿ, ಅವರನ್ನು ಕರೆದುಕೊಂಡು ತನ್ನ ಮನೆಗೆ ಬಂದು ಕರೆಸಿಕೊಂಡ. ಭಾವನ ಓಮ್ನಿಯಲ್ಲಿ ಬಂದೆವು. ಪುಟ್ಟರಾಜು ನನ್ನ ಸ್ಕೂಟರನ್ನು ಸುತ್ತೂರಿನವರೆಗೆ ತಂದು, ಸದ್ಯ ನಾನು ತಪ್ಪಿಸಿಕೊಂಡೆ ಎನ್ನುವ ಮುಖದಲ್ಲಿ ಅದರ ಜೊತೆ ಅಲ್ಲೇ ಉಳಿದುಕೊಂಡ. ಅಕ್ಕ ನಮ್ಮ ಹೊಸ್ತಿಲು ದಾಟಿ, ವನಜಾಕ್ಷಿಗೆ ಕುಂಕುಮ ಇಟ್ಟು, ನನ್ನ ಕೈಗೆ ಎಲೆಅಡಿಕೆ ಕೊಟ್ಟು, ಮುಂದೆ ನಿಂತು ನಡೆಸಿಕೊಡಿ ಎಂದು ಬಹುವಚನದಲ್ಲೇ ಕರೆದಳು. ಆ ಹೊತ್ತಿಗೆ ಹಾಗೇ ಕರೆಯಬೇಕು. ಕಾಫಿ ಕುಡಿದ ಮೇಲೆ ಏಕವಚನಕ್ಕೆ ಇಳಿದಳು. ಇನ್ನು ನಲವತ್ತು ಮನೆ ಇದೆ, ಎಂಟು ದಿನ ಇದೆ, ಭಾವನಿಗೆ ಛತ್ರದ ಕೆಲಸ, ನೀನೇ ಗಾಡಿ ಓಡಿಸಬೇಕು ಎಂದಳು. ಪ್ರತಿ ಮನೆಯಲ್ಲೂ ಯಾಕೆ ಇಷ್ಟು ತಡ ಎಂದು ಕೇಳುತ್ತಾರೆ, ಅದಕ್ಕೆ ಉತ್ತರವನ್ನೂ ನೀನೇ ಹೇಳಬೇಕು ಎಂದಳು. ಒಪ್ಪಿಕೊಂಡೆ.

ಮಾರನೆಯ ಬೆಳಿಗ್ಗೆ ಮೊದಲು ಹೋದದ್ದು ಭಾವನ ದೊಡ್ಡಮ್ಮ ಮಲ್ಲಾಜಮ್ಮನ ಮನೆಗೆ. ನರಸೀಪುರದಲ್ಲಿ ಆ ಮುದುಕಿಯ ಬಾಯಿಗೆ ಹೆದರದವರು ಕಡಿಮೆ. ನಾನು ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದೆ. ಪಿಕ್ಸೆಲ್ ಎನ್ನುವುದು ಬೇಡ, ಸರ್ವರ್ ಎನ್ನುವುದೂ ಬೇಡ, ನನ್ನ ಹಟದಿಂದ ತಡವಾಯಿತು, ತಪ್ಪು ನನ್ನದು ಎಂದಷ್ಟೇ ಹೇಳುವುದು. ಮಲ್ಲಾಜಮ್ಮ ನಮ್ಮನ್ನು ಕೂರಿಸಲೂ ಇಲ್ಲ.

"ಈಗ ನೆಪ್ಪಾಯ್ತಾ ಸಾಕಮ್ಮಂಗೆ ನಮ್ ಮನೆ?" ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮಂಡಿ ನೋವು ಕಣತ್ತೆ. ಮ್ಯಾಲೇಳಕ್ಕೇ ಆಯ್ತಿರ್ನಿಲ್ಲ. ಇವ್ನೇ ಪಾಪ, ಅಂಗಡಿ ಬಾಗ್ಲಾಕಿ ಕರ್ಕಂಡು ಬಂದವ್ನೆ."

ಮಲ್ಲಾಜಮ್ಮನ ಮುಖ ಕರಗಿತು. ಕೂರಿಸಿದಳು, ಮಜ್ಜಿಗೆ ಕೊಟ್ಟಳು, ಬೇವಿನೆಣ್ಣೆ ಹಚ್ಚಲು ಹೇಳಿದಳು, ಇಂಥ ತಮ್ಮ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನನ್ನ ಕೆನ್ನೆ ಮುಟ್ಟಿದಳು. ಹೊರಗೆ ಬಂದ ಮೇಲೆ, ನಾನು ಹೇಳಬೇಕು ಎಂದಿದ್ದೆಯಲ್ಲ ಅಕ್ಕ ಎಂದೆ. ಸುಮ್ಮನೆ ಗಾಡಿ ತೆಗಿ ಎಂದಳು.

ಎರಡನೆಯ ಮನೆಯಲ್ಲೂ ಮಂಡಿ ನೋವು. ಹತ್ತನೆಯ ಮನೆಯಲ್ಲೂ ಅದೇ. ನಾನು ಒಂದೆರಡು ಕಡೆ ನಿಜ ಹೇಳಲು ಹೋದೆ, ಅವಳು ನನ್ನ ಕಾಲು ತುಳಿದಳು. ಇಪ್ಪತ್ತನೆಯ ಮನೆಗೆ ನಾವು ತಲುಪುವ ಮೊದಲೇ ಮಂಡಿಯ ಸುದ್ದಿ ತಲುಪಿತ್ತು, ಅವರು ಕುರ್ಚಿ ತಂದು ಬಾಗಿಲಲ್ಲೇ ಹಾಕಿದ್ದರು. ಯಾರೋ ಲೇಪ ಕೊಟ್ಟರು, ಯಾರೋ ಮಂಡಿಗೆ ಹಾಕುವ ಪಟ್ಟಿ ಕೊಟ್ಟರು. ನಲವತ್ತು ಮನೆಯಲ್ಲೂ ನನ್ನನ್ನು ಹೊಗಳಿದರು. ಒಂದೊಂದು ಹೊಗಳಿಕೆಗೂ ನಾನು ತಲೆ ತಗ್ಗಿಸಿದರೆ, ಎಂಥಾ ವಿನಯ ಎಂದರು.

ನಲವತ್ತು ಮನೆಯವರೂ ಮದುವೆಗೆ ಬಂದರು. ನಾನು ರೇಷ್ಮೆ ಪಂಚೆ ಉಟ್ಟು, ಗಾನವಿಯ ಕೈಹಿಡಿದು, ಧಾರೆಯ ಮಂಟಪಕ್ಕೆ ಕರೆತಂದೆ. ಅವಳ ಕೈ ತಣ್ಣಗಿತ್ತು, ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮಂಟಪದ ಹತ್ತಿರ ತಲೆ ಎತ್ತಿ ನೋಡಿದರೆ, ನಮ್ಮ ಮುಂದೆ ಮಲ್ಲಾಜಮ್ಮನ ತೋಳು ಹಿಡಿದುಕೊಂಡು ನನ್ನ ಅಕ್ಕ ಕುಂಟುತ್ತಾ ಹೋಗುತ್ತಿದ್ದಳು. ಕಲ್ಲಿನಂಥ ಎರಡು ಕಾಲು ಇಟ್ಟುಕೊಂಡು, ಮಗಳ ಮದುವೆಯ ದಿನ, ಅಷ್ಟು ಜನರ ನಡುವೆ, ನನಗೋಸ್ಕರ.

ಧಾರೆಯ ಹೊತ್ತಿಗೆ ಎಡಗಾಲು ಕುಂಟುತ್ತಿತ್ತು. ಊಟದ ಹೊತ್ತಿಗೆ ನೋಡಿದರೆ ಬಲಗಾಲು. ನಾನು ಪಾಯಸದ ಬಕೆಟ್ಟನ್ನು ಕೆಳಗಿಟ್ಟು, ಅವಳ ಹತ್ತಿರ ಹೋಗಿ, ಅಕ್ಕ, ಎಡಗಾಲು ಎಂದು ಮೆಲ್ಲಗೆ ಹೇಳಿದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ, ಕಾಲು ಬದಲಾಯಿಸಿಕೊಂಡು, ಎಲೆಗಳ ಸಾಲಿನ ಮುಂದೆ ಎಲ್ಲರನ್ನೂ ವಿಚಾರಿಸುತ್ತಾ ಹೋದಳು.